ಫಲಕ ಹಿಡಿಯಬೇಕೋ, ಟೇಪು ಹಿಡಿಯಬೇಕೋ

ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಯಾವುದೇ ಕಾಯಿಲೆಯಲ್ಲ, ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಹೇಳುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷ 1,68,491 ಜನ ರಸ್ತೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ ಶೇ 66.5ರಷ್ಟು ಮಂದಿ 18ರಿಂದ 45ರ ವಯಸ್ಸಿನವರು. ಅದೇ ವರ್ಷ ಕರ್ನಾಟಕದಲ್ಲಿ ಸತ್ತವರು 11,702. ರಸ್ತೆ ಸುರಕ್ಷತೆಯ ಕೆಲಸಕ್ಕೆ ಯುವಜನರನ್ನು ಸೇರಿಸಿಕೊಳ್ಳಬೇಕು ಎಂಬ ಮಾತು ಹುಟ್ಟುವುದು ಈ ಲೆಕ್ಕದಿಂದಲೇ. ಆದರೆ ಯಾವ ಕೆಲಸಕ್ಕೆ ಎಂಬಲ್ಲಿ ಅಭಿಪ್ರಾಯ ಒಡೆಯುತ್ತದೆ.

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೆಬ್ಬೂರಿನಲ್ಲಿ ಈ ಪ್ರಶ್ನೆ ಊರಿನ ಪ್ರಶ್ನೆಯೇ ಹೌದು. ತುಮಕೂರಿನಿಂದ ಗೂಳೂರು, ನಾಗವಲ್ಲಿ ಮೇಲೆ ಕುಣಿಗಲ್ಲಿಗೆ ಹೋಗುವ ರಸ್ತೆ ಊರನ್ನು ಹಾದುಹೋಗುತ್ತದೆ. ಮಳವಳ್ಳಿಯಿಂದ ಪಾವಗಡದವರೆಗೆ ಚಾಚಿರುವ ರಾಜ್ಯ ಹೆದ್ದಾರಿ 33ರ ಒಂದು ಭಾಗ ಇದು. ಸುತ್ತಲ ಹಳ್ಳಿಗಳ ಮಕ್ಕಳು ಶಾಲೆಗೆ, ಕಾಲೇಜಿಗೆ, ದೊಡ್ಡವರು ಅಂಗಡಿ, ಬ್ಯಾಂಕು, ಆಸ್ಪತ್ರೆಗೆ ಇಲ್ಲಿಗೇ ಬರಬೇಕು. ಕುಣಿಗಲ್ ಕಡೆಯಿಂದ ಬರುವ ಲಾರಿಗೆ ಇದು ಹೆದ್ದಾರಿ. ತೆಂಗಿನ ತೋಟದಿಂದ ಹೊರಬರುವ ರೈತನಿಗೆ ಇದು ಮನೆಯ ಬೀದಿ. ಇದರ ಬಗ್ಗೆ ಇಬ್ಬರು ಮಾತಾಡುತ್ತಾರೆ. ಒಬ್ಬರು ನಿವೃತ್ತ ಹೈಸ್ಕೂಲು ಮೇಷ್ಟ್ರು. ವರ್ಷಗಟ್ಟಲೆ ಮಕ್ಕಳಿಂದ ರಸ್ತೆ ಸುರಕ್ಷತಾ ಜಾಥಾ ಮಾಡಿಸಿದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ಈಗ ತುಮಕೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಾಳೆ.

ಮೇಷ್ಟ್ರು: ಲೆಕ್ಕದಲ್ಲೇ ಉತ್ತರ ಇದೆ ಕಣಮ್ಮ. ಸಾಯುತ್ತಿರುವವರು ಹುಡುಗರು, ಗಾಡಿ ಓಡಿಸುವವರೂ ಹುಡುಗರು. ಅಂದಮೇಲೆ ತಡೆಯುವ ಕೆಲಸಕ್ಕೂ ಅವರೇ ಮುಂದೆ ಬರಬೇಕು. ನಾನು ಬುದ್ಧಿ ಹೇಳಿದರೆ ‘ಆಯ್ತು ಸಾರ್’ ಅಂತ ತಲೆಯಾಡಿಸಿ ಹೋಗುತ್ತಾರೆ. ಅದೇ ಪಕ್ಕದ ಬೆಂಚಿನವನು ‘ಹೆಲ್ಮೆಟ್ ಹಾಕೋ, ಇಲ್ಲದಿದ್ದರೆ ನಿನ್ನ ಗಾಡಿ ಹತ್ತಲ್ಲ’ ಅಂದರೆ ಅದರ ತೂಕವೇ ಬೇರೆ.

ವಿದ್ಯಾರ್ಥಿನಿ: ಮುಂದೆ ಬರಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ ಸಾರ್. ಬಂದು ಏನು ಮಾಡಬೇಕು ಅನ್ನೋದೇ ನನ್ನ ಪ್ರಶ್ನೆ. ಮೊದಲು ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಅಂತಿತ್ತು, 2021ರಲ್ಲಿ ಮೊದಲ ಸಲ ಅದು ಮಾಸಾಚರಣೆ ಆಯಿತು. ಏಳು ದಿನ ಇದ್ದದ್ದು ಒಂದು ತಿಂಗಳಾಯಿತು, ಕಾರ್ಯಕ್ರಮ ಮಾತ್ರ ಅದೇ. ಫಲಕ ಹಿಡಿದು ಮೆರವಣಿಗೆ, ಪ್ರಬಂಧ ಸ್ಪರ್ಧೆ, ಅತಿಥಿಗಳ ಭಾಷಣ, ಪ್ರತಿಜ್ಞೆ, ಫೋಟೊ. ನಾವು ಬಿಸಿಲಲ್ಲಿ ಸಾಲಾಗಿ ನಿಂತು ಘೋಷಣೆ ಕೂಗಿದ ರಸ್ತೆಯಲ್ಲಿ ಮರುದಿನ ಏನು ಬದಲಾಗಿರುತ್ತೆ ಹೇಳಿ.

ಮೇಷ್ಟ್ರು: ರಸ್ತೆ ಬದಲಾಗದಿರಬಹುದು, ಮಗು ಬದಲಾಗುತ್ತೆ. ಎಂಟನೇ ಕ್ಲಾಸಿನಲ್ಲಿ ಕೂಗಿದ್ದು ಇಪ್ಪತ್ತನೇ ವಯಸ್ಸಿನಲ್ಲಿ ಗಾಡಿಯ ಕೀ ಹಿಡಿದಾಗ ನೆನಪಾಗುತ್ತೆ. ಮೇಷ್ಟ್ರ ಕೆಲಸ ಫಲ ಕೊಡುವುದೇ ತಡವಾಗಿ.

ವಿದ್ಯಾರ್ಥಿನಿ: ನೆನಪಾಗುತ್ತೆ ಅನ್ನೋದು ನಂಬಿಕೆ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಶಾಲೆಯಲ್ಲೇ ಚಾಲನಾ ಶಿಕ್ಷಣ ಕೊಟ್ಟರೆ ಅಪಘಾತ ಕಡಿಮೆಯಾಗುತ್ತಾ ಅಂತ ಹೊರದೇಶಗಳಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ಕಾಕ್ರೇನ್ ಸಂಸ್ಥೆ 2001ರಲ್ಲಿ ಒಂದು ವಿಮರ್ಶೆ ಹೊರತಂದಿತು. ಕಡಿಮೆಯಾಯಿತು ಅನ್ನೋದಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ. ಬದಲಿಗೆ, ಶಾಲೆಯಲ್ಲಿ ಕಲಿತ ಮಕ್ಕಳು ಬೇಗ ಲೈಸೆನ್ಸ್ ಮಾಡಿಸಿಕೊಂಡು ಬೇಗ ರಸ್ತೆಗಿಳಿದರು ಅನ್ನೋದು ಕಂಡಿತು. ಒಳ್ಳೆಯ ಉದ್ದೇಶದಿಂದ ಮಾಡಿದ್ದು ಅಪಾಯವನ್ನೇ ಇನ್ನಷ್ಟು ಬೇಗ ಎಳೆದು ತಂದ ಹಾಗಾಯಿತು.

ಮೇಷ್ಟ್ರು: ಅದು ಗಾಡಿ ಓಡಿಸೋದನ್ನು ಕಲಿಸಿದ್ದರ ಕತೆ. ಜಾಗ್ರತೆ ಕಲಿಸಿದ್ದರದ್ದಲ್ಲ. ಅದೇ ಕಾಕ್ರೇನಿನವರು ಹೆಲ್ಮೆಟ್ ಬಗ್ಗೆ ಏನು ಹೇಳಿದ್ದಾರೆ ಅನ್ನೋದನ್ನೂ ಹೇಳು.

ವಿದ್ಯಾರ್ಥಿನಿ: ಸಾಯುವ ಸಾಧ್ಯತೆ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಾಧ್ಯತೆ ಶೇ 69ರಷ್ಟು ತಗ್ಗುತ್ತೆ ಅಂತ.

ಮೇಷ್ಟ್ರು: ನೋಡಿದೆಯಾ? 2022ರಲ್ಲಿ ಈ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅದರಲ್ಲಿ ಹಿಂದೆ ಕೂತವರೇ 14,337. ಆ ಹೆಲ್ಮೆಟ್ಟನ್ನು ತಲೆಗೆ ಹಾಕಬೇಕಾದವರು ಎಂಜಿನಿಯರಲ್ಲ, ಗುತ್ತಿಗೆದಾರನಲ್ಲ. ಗಾಡಿ ಮೇಲೆ ಕೂತವನೇ ಹಾಕಿಕೊಳ್ಳಬೇಕು. ಆ ಅಭ್ಯಾಸ ಹುಟ್ಟೋದು ಗೆಳೆಯರ ನಡುವೆ. ಹಾಕಿದವನನ್ನು ಹೆದರುಪುಕ್ಕಲ ಅಂತ ಆಡಿಕೊಳ್ಳುವ ಗುಂಪಿನಲ್ಲಿ ಯಾವ ಕಾನೂನೂ ಕೆಲಸ ಮಾಡಲ್ಲ. ಆ ಗುಂಪಿನ ಮನಸ್ಸು ತಿರುಗಿಸೋದು ಗುಂಪಿನೊಳಗಿನವರಿಗೇ ಸಾಧ್ಯ.

ವಿದ್ಯಾರ್ಥಿನಿ: ಹೆಲ್ಮೆಟ್ಟಿನ ವಿಷಯದಲ್ಲಿ ಒಪ್ಪಿದೆ. ಆದರೆ ಅಲ್ಲೂ ಘೋಷಣೆ ಸಾಲದು. ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರಬಾರದು ಅಂತ 2021ರ ಜೂನ್ 1ರಿಂದ ನಿಯಮ ಜಾರಿಯಲ್ಲಿದೆ. ಆದರೂ ರಸ್ತೆ ಬದಿಯಲ್ಲಿ ಟೊಪ್ಪಿಯಂಥ ಅರ್ಧ ಹೆಲ್ಮೆಟ್ ಸಿಗುತ್ತೆ. ಜನ ಅದನ್ನು ಪೊಲೀಸರಿಗಾಗಿ ತಗೊಳ್ತಾರೆ, ತಲೆಗಾಗಿ ಅಲ್ಲ. ಗಲ್ಲದ ಪಟ್ಟಿಯನ್ನೂ ಹಾಕಲ್ಲ. ಬಿದ್ದಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತೆ. ಕಾಲೇಜಿನ ಹುಡುಗರು ಒಂದು ದಿನ ಗೇಟಿನಲ್ಲಿ ನಿಂತು ಬರುವ ಹೆಲ್ಮೆಟ್ಟುಗಳಲ್ಲಿ ಎಷ್ಟಕ್ಕೆ ಗುರುತಿದೆ, ಎಷ್ಟು ಜನ ಪಟ್ಟಿ ಬಿಗಿದಿದ್ದಾರೆ ಅಂತ ಬರೆದುಕೊಂಡರೆ ಅದು ಕೆಲಸ. ‘ಹೆಲ್ಮೆಟ್ ಧರಿಸಿ’ ಅನ್ನೋ ಫಲಕ ಹಿಡಿದು ನಿಂತರೆ ಅದು ಬರೀ ನಿಲ್ಲೋದು.

ಹುಡುಗರ ನಡತೆಯ ಮಾತು ಬಂದಾಗ ಹದಿನೆಂಟು ತುಂಬದವರ ಗಾಡಿಯ ಮಾತು ತಾನಾಗಿ ಬರುತ್ತದೆ. ಗ್ರಾಮಾಂತರದ ಪಿಯು ಕಾಲೇಜುಗಳ ಮುಂದೆ ನಿಲ್ಲುವ ಬೈಕುಗಳಲ್ಲಿ ಕೆಲವು ಲೈಸೆನ್ಸ್ ಪಡೆಯುವ ವಯಸ್ಸೇ ಆಗದವರು ತಂದವು ಎನ್ನುವುದು ಹೆತ್ತವರಿಗೂ ಅಧ್ಯಾಪಕರಿಗೂ ಗೊತ್ತಿರುವ ಸಂಗತಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಈ ಬಗ್ಗೆ ಬಹಳ ಕಠಿಣವಾಗಿದೆ. 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮೇಷ್ಟ್ರು: ಇಷ್ಟಿದ್ದರೂ ಮೂರು ಜನ ಒಂದೇ ಗಾಡಿಯಲ್ಲಿ ಬರ್ತಾರೆ. ವ್ಹೀಲಿಂಗ್ ಮಾಡ್ತಾರೆ. 2024ರ ಆಗಸ್ಟಿನಲ್ಲಿ ನೆಲಮಂಗಲದ ಹತ್ತಿರ ತುಮಕೂರು ರಸ್ತೆಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ಜನ ಸಿಟ್ಟಿಗೆದ್ದು ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಜನ ಮಾಡಿದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅಷ್ಟು ಸಿಟ್ಟು ಯಾಕೆ ಬಂತು ಅನ್ನೋದನ್ನು ನಿನ್ನ ವಯಸ್ಸಿನವರು ಯೋಚಿಸಬೇಕಲ್ಲವಾ?

ವಿದ್ಯಾರ್ಥಿನಿ: ವ್ಹೀಲಿಂಗ್ ಮಾಡುವವರ ಪರವಾಗಿ ನಾನು ಮಾತಾಡಲ್ಲ. ಆದರೆ ತ್ರಿಬಲ್ ಬರುವವರೆಲ್ಲ ಮೋಜಿಗೆ ಬರುವವರಲ್ಲ ಸಾರ್. ಬೆಳಿಗ್ಗೆ ಎಂಟೂವರೆಗೆ ಬರಬೇಕಾದ ಬಸ್ಸು ಬಂದರೂ ಬಾಗಿಲಲ್ಲೇ ತುಂಬಿರುತ್ತೆ, ನಿಲ್ಲಿಸದೆ ಹೋಗುತ್ತೆ. ಮೊದಲನೇ ಪೀರಿಯಡ್ ತಪ್ಪಿದರೆ ಹಾಜರಾತಿ ಹೋಗುತ್ತೆ. ಆಗ ಅಪ್ಪನೇ ಕೀ ಕೊಟ್ಟು, ‘ಪಕ್ಕದ ಮನೆಯವರನ್ನೂ ಕೂರಿಸ್ಕೊಂಡು ಹೋಗು’ ಅಂತಾನೆ. 2022ರ ಮಾರ್ಚ್ 19ರಂದು ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆ ಹತ್ತಿರ ಖಾಸಗಿ ಬಸ್ಸು ಮಗುಚಿತಲ್ಲ, ಅದರಲ್ಲಿ ಸತ್ತವರಲ್ಲಿ ವಿದ್ಯಾರ್ಥಿಗಳಿದ್ದರು. ಬಸ್ಸು ಕಿಕ್ಕಿರಿದು, ಟಾಪಿನ ಮೇಲೂ ಜನ ಕೂತಿದ್ದರು. ಆ ಮಕ್ಕಳು ಯಾವ ನಿಯಮ ಮುರಿದಿದ್ದರು? ಕಾಲೇಜಿಗೆ ಹೊರಟಿದ್ದರು, ಅಷ್ಟೇ. ಅವರಿಗೆ ರಸ್ತೆ ಸುರಕ್ಷತೆಯ ಪಾಠ ಮಾಡಿದ್ದರೆ ಬದುಕುತ್ತಿದ್ದರಾ, ಇನ್ನೊಂದು ಬಸ್ಸು ಬಿಟ್ಟಿದ್ದರೆ ಬದುಕುತ್ತಿದ್ದರಾ?

ಮೇಷ್ಟ್ರು: ಬಸ್ಸು ಬೇಕು. ಅದರಲ್ಲಿ ಎರಡು ಮಾತಿಲ್ಲ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದು ಬರುತ್ತಿದ್ದದ್ದನ್ನು ನೋಡಿದವನು ನಾನು. ಆದರೆ ಸೈಕಲ್ ಹೋಗುವುದಕ್ಕೆ ರಸ್ತೆಯಂಚಿನಲ್ಲಿ ಜಾಗವೇ ಇಲ್ಲದ ಕಡೆ ಸೈಕಲ್ ಕೊಟ್ಟೆವು. ಆ ತಪ್ಪು ನಮ್ಮ ಕಾಲದವರದ್ದು. ಅಷ್ಟಿದ್ದೂ ಕೇಳುತ್ತೇನೆ: ಬಸ್ಸು ಬರುವವರೆಗೆ ಏನು ಮಾಡೋಣ? ಬಸ್ಸಿಲ್ಲ ಅನ್ನುವ ಕಾರಣಕ್ಕೆ ಹದಿನಾರರ ಹುಡುಗನ ಕೈಗೆ ಗಾಡಿ ಕೊಡಬಹುದಾ?

ವಿದ್ಯಾರ್ಥಿನಿ: ಕೊಡಬಾರದು. ಆದರೆ ‘ಕೊಡಬಾರದು’ ಅಂತ ಹೇಳುವ ಜಾಥಾಕ್ಕೆ ನಮ್ಮನ್ನು ಕರೆಯುವವರು, ಯಾವ ಹಳ್ಳಿಯಿಂದ ಎಷ್ಟು ಮಕ್ಕಳಿಗೆ ಎಷ್ಟು ಹೊತ್ತಿಗೆ ಬಸ್ಸು ಬೇಕು ಅಂತ ಪಟ್ಟಿ ಮಾಡಲಿಕ್ಕೂ ಕರೆಯಬೇಕು. ಆ ಪಟ್ಟಿ ಡಿಪೋ ಮ್ಯಾನೇಜರ ಹತ್ತಿರ ಇಲ್ಲ, ನಮ್ಮ ಹತ್ತಿರ ಇದೆ.

ರಸ್ತೆಯಲ್ಲೇ ಓಡಾಡುವವರಿಗೆ ಗೊತ್ತಿರುವುದು ದಾಖಲೆ ಇಡುವವರಿಗೆ ಗೊತ್ತಿರುವುದಿಲ್ಲ ಎನ್ನುವುದು ವಿದ್ಯಾರ್ಥಿನಿಯ ವಾದದ ತಿರುಳು. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ, ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಉಂಟುಮಾಡಿದ ಐದು ಅಪಘಾತಗಳು ಆಗಿದ್ದರೆ, ಇಲ್ಲವೇ ಹತ್ತು ಜನ ಸತ್ತಿದ್ದರೆ ಆ ಜಾಗ ಬ್ಲ್ಯಾಕ್ ಸ್ಪಾಟ್ ಎನಿಸಿಕೊಳ್ಳುತ್ತದೆ. ರಿಪೇರಿಗೆ ಹಣ, ಗಮನ ಎರಡೂ ಸಿಗುವುದು ಆ ಪಟ್ಟಿಗೆ ಸೇರಿದ ಮೇಲೆ.

ವಿದ್ಯಾರ್ಥಿನಿ: ಅಂದರೆ ಐದು ಮನೆಯಲ್ಲಿ ಗೋಳಾಡಿದ ಮೇಲೆ ಅದು ಅಪಾಯದ ಜಾಗ ಅಂತ ಸರ್ಕಾರಕ್ಕೆ ಗೊತ್ತಾಗುತ್ತೆ. ನಮಗೆ ಅದು ಮೊದಲೇ ಗೊತ್ತಿರುತ್ತೆ ಸಾರ್. ಬಸ್ ಸ್ಟ್ಯಾಂಡಿನ ಹತ್ತಿರ ಯಾವ ತಿರುವಿನಲ್ಲಿ ಬರುವ ಗಾಡಿ ಕಾಣಲ್ಲ, ಎಲ್ಲಿ ನಿಂತ ಲಾರಿ ಅಡ್ಡ ಬರುತ್ತೆ, ಸಂಜೆ ಐದು ಗಂಟೆಗೆ ಯಾವ ಜಾಗದಲ್ಲಿ ಹುಡುಗಿಯರು ಓಡಿ ರಸ್ತೆ ದಾಟುತ್ತಾರೆ, ಎಲ್ಲ ಗೊತ್ತು. ಕೂದಲೆಳೆಯಲ್ಲಿ ತಪ್ಪಿದ ಅಪಘಾತ ಯಾವ ಠಾಣೆಯ ಪುಸ್ತಕದಲ್ಲೂ ಇರಲ್ಲ. ಅದನ್ನು ಬರೆದಿಡೋದಕ್ಕೆ ನಮಗಿಂತ ಯೋಗ್ಯರು ಯಾರಿದ್ದಾರೆ? ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ಪ್ರತಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಆ ಗಂಟೆಗಳಲ್ಲಿ ಒಂದಷ್ಟನ್ನು ಇದಕ್ಕೆ ಕೊಡಲಿ.

ಮೇಷ್ಟ್ರು: ಮಕ್ಕಳನ್ನು ರಸ್ತೆ ಬದಿ ನಿಲ್ಲಿಸಿ ಅಪಾಯ ಎಣಿಸಿ ಅಂತ ಹೇಳೋದೂ ಅಪಾಯವೇ. ಸಂಬಳ ತಗೊಳ್ಳುವ ಇಲಾಖೆ ಇದೆ, ಎಂಜಿನಿಯರುಗಳಿದ್ದಾರೆ. ಅವರು ಮಾಡಬೇಕಾದ್ದನ್ನು ಮಕ್ಕಳ ಕೈಲಿ ಬಿಟ್ಟಿ ಮಾಡಿಸಿದರೆ ಅವರು ಇನ್ನೂ ಆರಾಮಾಗಿ ಕೂರ್ತಾರೆ.

ವಿದ್ಯಾರ್ಥಿನಿ: ಕಾಂಪೌಂಡಿನ ಒಳಗಿನಿಂದಲೇ ಎಣಿಸಬಹುದು. ಜಾಥಾದಲ್ಲಿ ರಸ್ತೆ ಮಧ್ಯೆ ನಡೆಸುವುದಕ್ಕಿಂತ ಅದು ಸುರಕ್ಷಿತ. ಇಲಾಖೆಯ ಕೆಲಸವನ್ನು ನಾವು ಮಾಡಲ್ಲ, ಮಾಡಿದ್ದಾರಾ ಅಂತ ನೋಡ್ತೇವೆ. ಹಂಪ್ಸ್ ತಗೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ದುಂಡನೆಯ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತೆ ಲೆಕ್ಕ ಹಾಕಿದ ಅಳತೆ ಅದು. ನಮ್ಮ ಕಡೆ ಒಂದೂವರೆ ಅಡಿ ಅಗಲಕ್ಕೆ ಗೋಡೆಯ ಹಾಗೆ ಎಬ್ಬಿಸಿರ್ತಾರೆ. ಬಣ್ಣ ಇಲ್ಲ, ಮುಂಚೆ ಫಲಕ ಇಲ್ಲ, ದೀಪ ಇಲ್ಲ. ರಾತ್ರಿ ಬೈಕಿನಲ್ಲಿ ಬಂದವನು ಹಾರಿ ಬೀಳ್ತಾನೆ. ಹಿಂದೆ ಕೂತ ಅಮ್ಮನ ಸೊಂಟ ಮುರಿಯುತ್ತೆ. ಒಂದು ಟೇಪು, ಒಂದು ನೋಟ್‌ಬುಕ್ಕು ಇದ್ದರೆ ಹತ್ತನೇ ಕ್ಲಾಸಿನ ಮಗುವೂ ಇದನ್ನು ಅಳೆಯಬಹುದು. ಕಾಯ್ದೆಯ 198ಎ ಕಲಮಿನಲ್ಲಿ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಗೊತ್ತುಪಡಿಸಿದ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆಲ್ಮೆಟ್ ದಂಡ ಎಲ್ಲರಿಗೂ ಗೊತ್ತು. ಈ ದಂಡ ಎಷ್ಟು ಜನಕ್ಕೆ ಗೊತ್ತು?

ಮೇಷ್ಟ್ರು: ಆ ಹಂಪ್ಸ್ ಹಾಕಿಸಿದವರು ಯಾರು ಅನ್ನೋದನ್ನೂ ಕೇಳು. ಊರಿನ ಹುಡುಗನೊಬ್ಬ ಸತ್ತ. ಜನ ರಸ್ತೆ ತಡೆ ಮಾಡಿದರು, ಟಯರು ಸುಟ್ಟರು, ‘ಹಂಪ್ಸ್ ಹಾಕುವವರೆಗೆ ಹೆಣ ಎತ್ತಲ್ಲ’ ಅಂದರು. ಅಧಿಕಾರಿ ಬಂದು ಆ ಹೊತ್ತಿಗೆ ಸಮಾಧಾನವಾದರೆ ಸಾಕು ಅಂತ ರಾತ್ರೋರಾತ್ರಿ ಎರಡು ಲೋಡು ಜಲ್ಲಿ ಸುರಿಸಿದ. ಮುಂದೆ ನಿಂತು ಹಟ ಹಿಡಿದವರು ಯುವಕ ಸಂಘದವರೇ. ಯುವಜನರ ಪಾಲ್ಗೊಳ್ಳುವಿಕೆ ಅಂದರೆ ಅದೂ ಒಂದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇಂಥ ಉಬ್ಬು ತೆಗೆಯಬೇಕು ಅಂತ ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ತಿಳಿವಳಿಕೆ ಇಲ್ಲದ ಹೋರಾಟ ರಸ್ತೆಯನ್ನು ಕೆಡಿಸುತ್ತೆ. ಅದಕ್ಕೇ ಹೇಳೋದು ಮೊದಲು ಕಲಿಕೆ, ಆಮೇಲೆ ಹಕ್ಕು.

ವಿದ್ಯಾರ್ಥಿನಿ: ಕಲಿತು ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, ಟಯರು ಸುಟ್ಟರೆ ರಾತ್ರಿಯೇ ಜಲ್ಲಿ ಬರುತ್ತೆ. ಹುಡುಗರಿಗೆ ಇದನ್ನು ಕಲಿಸಿದವರು ಯಾರು ಸಾರ್? ಅರ್ಜಿಗೆ ಉತ್ತರ ಬರುವ ಹಾಗಿದ್ದರೆ ಯಾರೂ ಹೆಣ ಇಟ್ಟುಕೊಂಡು ಕೂರಲ್ಲ. ನೆದರ್‌ಲೆಂಡ್ಸಿನ ಕತೆ ನೋಡಿ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಬರೆದರು. ಅದೇ ಹೆಸರಿನ ಚಳವಳಿ ಹುಟ್ಟಿತು. ಆ್ಯಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಬಡಾವಣೆಯಲ್ಲಿ ಶಾಲಾ ಮಕ್ಕಳೇ ಬೀದಿಗಿಳಿದು, ಗಾಡಿಗಳನ್ನು ತಡೆದು, ಆಡಲು ಜಾಗ ಕೇಳಿದರು. ಅಲ್ಲಿನ ಸರ್ಕಾರ ಮಕ್ಕಳಿಗೆ ಫಲಕ ಕೊಟ್ಟು ಮನೆಗೆ ಕಳಿಸಲಿಲ್ಲ. ಬರುಬರುತ್ತಾ ಬೀದಿಗಳನ್ನೇ ಬದಲಿಸಿತು, ಸೈಕಲ್ಲಿಗೆ ಬೇರೆ ದಾರಿ ಮಾಡಿತು.

ಮೇಷ್ಟ್ರು: ಅದು ಆಗಲಿಕ್ಕೆ ವರ್ಷಗಳು ಹಿಡಿದವು. ಆ ನಾಡಿನ ಹಣ ಬೇರೆ, ಆಡಳಿತ ಬೇರೆ. ನಮ್ಮ ರಸ್ತೆಯಲ್ಲಿ ನಾಳೆ ಬೆಳಿಗ್ಗೆ ಹೊರಡುವ ಹುಡುಗನಿಗೆ ಇವತ್ತು ರಾತ್ರಿ ಏನು ಹೇಳಬೇಕು ಅನ್ನೋದು ನನ್ನ ಚಿಂತೆ. ರಸ್ತೆ ಕೆಟ್ಟದಾಗಿದೆ ಅಂತ ಗೊತ್ತಿದ್ದವನು ನಿಧಾನವಾಗಿ ಹೋಗಬೇಕು ತಾನೆ?

ವಿದ್ಯಾರ್ಥಿನಿ: ಹೋಗಬೇಕು. ಆದರೆ ಮನುಷ್ಯ ಒಂದು ಕ್ಷಣ ಮೈಮರೆಯುತ್ತಾನೆ ಅಂತ ತಿಳಿದೇ ರಸ್ತೆ ಕಟ್ಟಬೇಕು. ತಪ್ಪಿಗೆ ಗಾಯವಾಗಲಿ, ಪ್ರಾಣ ಹೋಗಬಾರದು.

ಇಬ್ಬರೂ ಇಲ್ಲಿ ತಮ್ಮ ತಮ್ಮ ನಿಲುವಿನಲ್ಲೇ ಉಳಿಯುತ್ತಾರೆ. ನಡತೆ ಮೊದಲೋ ರಸ್ತೆಯ ರಚನೆ ಮೊದಲೋ ಎಂಬ ಈ ಚರ್ಚೆ ತಜ್ಞರ ನಡುವೆಯೂ ಮುಗಿದಿಲ್ಲ. ಆದರೆ ಹಳ್ಳಿಯ ರಸ್ತೆಗೆ ಇವೆರಡರಲ್ಲೂ ಪೂರ್ತಿ ಸೇರದ ಮೂರನೆಯ ಸಂಗತಿಯೊಂದಿದೆ. ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ. ತುಮಕೂರು ಜಿಲ್ಲೆಯ ಉದ್ದಗಲಕ್ಕೂ ರಾಗಿ, ಹುರುಳಿ, ಅವರೆಯನ್ನು ಡಾಂಬರಿನ ಮೇಲೆ ಹರಡಿ, ಓಡಾಡುವ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಕೊಳ್ಳುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಹುರುಳಿ ಸೊಪ್ಪಿನ ಮೇಲೆ ಬೈಕಿನ ಚಕ್ರ ಜಾರುತ್ತದೆ, ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಬಿಸಿಯಾದ ಸೈಲೆನ್ಸರಿಗೆ ಒಣಹುಲ್ಲು ತಗುಲಿ ಕಾರು ಹೊತ್ತಿ ಉರಿದದ್ದೂ ಉಂಟು. ಸುರಕ್ಷತಾ ಮಾಸಾಚರಣೆ ನಡೆಯುವ ಜನವರಿ ಒಕ್ಕಣೆಯ ಕಾಲವೂ ಹೌದು.

ಮೇಷ್ಟ್ರು: ಇಲ್ಲಿ ಹೇಳು. ನಿನ್ನ ಟೇಪು ಇದಕ್ಕೆ ಏನು ಮಾಡುತ್ತೆ? ರಸ್ತೆಯಲ್ಲಿ ರಾಗಿ ಹಾಕುವವನು ಗುತ್ತಿಗೆದಾರನಲ್ಲ, ನಿನ್ನ ಚಿಕ್ಕಪ್ಪ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿನಲ್ಲಿ ಹುಲ್ಲು ತುಂಬಿಕೊಂಡು ಕತ್ತಲಲ್ಲಿ ಬರುವವನು ನಿನ್ನ ಮಾವ. ಪೊಲೀಸರು ಬಂದು ಹೇಳಿದರೆ ಜಗಳವಾಗುತ್ತೆ. ಮನೆ ಮಗಳು ಹೇಳಿದರೆ ಕೇಳಬಹುದು.

ವಿದ್ಯಾರ್ಥಿನಿ: ಹೇಳಿ ನೋಡಿದವಳೇ ನಾನು. ‘ಕಣ ಮಾಡೋಕೆ ಜಾಗ ಎಲ್ಲಿದೆ, ಆಳಿಗೆ ಕೂಲಿ ಎಷ್ಟಾಗಿದೆ ಗೊತ್ತಾ’ ಅಂತ ಕೇಳ್ತಾರೆ. ಅವರು ಹೇಳೋದು ಸುಳ್ಳಲ್ಲ. ಪಂಚಾಯಿತಿ ನಾಲ್ಕು ಹಳ್ಳಿಗೊಂದು ಕಾಂಕ್ರೀಟಿನ ಒಕ್ಕಣೆ ಕಣ ಮಾಡಿಕೊಟ್ಟರೆ, ಒಕ್ಕಣೆ ಯಂತ್ರ ಕಡಿಮೆ ಬಾಡಿಗೆಗೆ ಸಿಕ್ಕರೆ ಮಾತಿಗೆ ಬಲ ಬರುತ್ತೆ. ಟ್ರ್ಯಾಕ್ಟರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸೋದಕ್ಕೆ ಆಗುವ ಖರ್ಚು ಬಹಳ ಸಣ್ಣದು. ಶಾಲೆಯ ಮಕ್ಕಳು ತಮ್ಮ ತಮ್ಮ ಮನೆಯ ಟ್ರ್ಯಾಕ್ಟರಿಗೆ ಅಂಟಿಸಿದರೆ ಒಂದು ಭಾನುವಾರದಲ್ಲಿ ಹೋಬಳಿಯೇ ಮುಗಿದುಹೋಗುತ್ತೆ. ಜಾಥಾದ ಬ್ಯಾನರಿನ ಹಣದಲ್ಲೇ ಮಾಡಬಹುದು.

ಮೇಷ್ಟ್ರು: ಮಕ್ಕಳಿಗೆ ಇನ್ನಷ್ಟು ಅಧಿಕಾರ ಕೊಟ್ಟರೆ? ಕೇರಳದಲ್ಲಿ 2010ರಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಅಂತ ಶುರುವಾಯಿತು, 2018ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದರು. ಸಮವಸ್ತ್ರ ಹಾಕಿಕೊಂಡ ಮಗು ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತರೆ ಗಾಡಿಗಳು ನಿಧಾನವಾಗುತ್ತವೆ. ಮಗುವಿಗೂ ಹೊಣೆ ಬರುತ್ತೆ.

ವಿದ್ಯಾರ್ಥಿನಿ: ಹೊಣೆ ಬರೋದು ಒಳ್ಳೇದು. ಆದರೆ ಮಗುವಿನ ಕೈಯಲ್ಲಿ ದೊಡ್ಡವರನ್ನು ತಡೆಸೋದು, ಗೆಳೆಯರ ತಪ್ಪನ್ನು ಬರೆಸೋದು ನನಗೆ ಹಿಡಿಸಲ್ಲ. ಲಾರಿ ನಿಲ್ಲದಿದ್ದರೆ ಯಾರು ಜವಾಬ್ದಾರಿ? ಕ್ಲಾಸಿನಲ್ಲಿ ದೂರು ಹೇಳುವವನು ಅಂತ ಹೆಸರು ಬಿದ್ದರೆ ಆ ಮಗುವಿನ ಗತಿಯೇನು? ಕಾನೂನು ಜಾರಿ ಪೊಲೀಸರ ಕೆಲಸ. ಅದನ್ನು ಹದಿನಾಲ್ಕು ವರ್ಷದವರ ಹೆಗಲಿಗೆ ಹಾಕಬಾರದು.

ಮೇಷ್ಟ್ರು: ನಿನಗೆ ಸಮವಸ್ತ್ರ ಬೇಡ, ಘೋಷಣೆ ಬೇಡ. ಆದರೆ ಎಲ್ಲ ಮಕ್ಕಳೂ ನಿನ್ನ ಹಾಗೆ ಟೇಪು ಹಿಡಿಯುವವರಲ್ಲ ಕಣಮ್ಮ. ಕೆಲವರಿಗೆ ಸಾಲಿನಲ್ಲಿ ನಡೆಯೋದರಲ್ಲೇ ಹುರುಪು. ನಾಟಕ ಆಡುವವನು ನಾಟಕದಿಂದಲೇ ಹೇಳಲಿ. ಒಬ್ಬನನ್ನು ಒಳಗೆ ತರಲು ಬಾಗಿಲು ಎಷ್ಟಿದ್ದರೂ ಕಡಿಮೆಯೇ.

ಅಪಘಾತವಾದ ಮೇಲಿನ ಮೊದಲ ಗಂಟೆಯ ವಿಚಾರದಲ್ಲಿ ಇಬ್ಬರ ನಡುವಿನ ಅಂತರ ಬಹಳ ಕಡಿಮೆಯಾಗುತ್ತದೆ. ಇದಕ್ಕೆ ಕಾರಣವೂ ಇದೇ ಸೀಮೆಯದು. ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ 2016ರ ಫೆಬ್ರುವರಿಯಲ್ಲಿ ಊರಿಗೆ ಬಂದು ಮತ ಹಾಕಿ, ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದರು. ದೇಹ ಎರಡು ತುಂಡಾಗಿದ್ದರೂ ಪ್ರಜ್ಞೆಯಿದ್ದ ಅವರು, ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ತಂದಿತು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಯೋಜನೆ ಅದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಅಧಿಸೂಚಿಸಿತು.

ಮೇಷ್ಟ್ರು: ಆ ಹುಡುಗನ ಹೆಸರು ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಗೊತ್ತಿರಬೇಕು. ನಮ್ಮ ಪಕ್ಕದ ತಾಲ್ಲೂಕಿನವನು. ಅಂಥ ನೋವಿನಲ್ಲೂ ಇನ್ನೊಬ್ಬರ ಬಗ್ಗೆ ಯೋಚಿಸಿದ.

ವಿದ್ಯಾರ್ಥಿನಿ: ಹೆಸರಿನ ಜೊತೆಗೆ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅನ್ನೋದೂ ಗೊತ್ತಿರಬೇಕು. ಈಗ ಅಪಘಾತವಾದ ಕೂಡಲೇ ಓಡಿ ಬರುವವರು ನಮ್ಮ ವಯಸ್ಸಿನವರೇ. ಅರ್ಧ ಜನ ಮೊಬೈಲ್ ತೆಗೀತಾರೆ. ಇನ್ನರ್ಧ ಜನ ಒಳ್ಳೆಯ ಮನಸ್ಸಿನಿಂದಲೇ ಗಾಯಾಳುವನ್ನು ಕೈಕಾಲು ಹಿಡಿದು ಎತ್ತಿ ಆಟೋಗೆ ಹಾಕ್ತಾರೆ. ಕತ್ತಿನ ಮೂಳೆ ಮುರಿದಿದ್ದರೆ ಅಷ್ಟರಲ್ಲೇ ಜೀವಮಾನವಿಡೀ ಕೈಕಾಲಿನ ಸ್ವಾಧೀನ ತಪ್ಪಬಹುದು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕ್ತಾರೆ, ಅದು ಉಸಿರಿನ ದಾರಿಗೆ ಹೋಗುತ್ತೆ. ರಕ್ತ ಸುರಿಯುವ ಕಡೆ ಬಟ್ಟೆ ಮಡಿಸಿ ಒತ್ತಿ ಹಿಡಿಯೋದು, ಕತ್ತು ಅಲುಗದ ಹಾಗೆ ನೋಡಿಕೊಳ್ಳೋದು, 108ಕ್ಕೆ ಫೋನ್ ಮಾಡಿ ಜಾಗ ಸರಿಯಾಗಿ ಹೇಳೋದು, ಹಿಂದಿನಿಂದ ಬರುವ ಗಾಡಿಗಳಿಗೆ ದೂರದಲ್ಲೇ ಸನ್ನೆ ಮಾಡೋದು, ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಮೇಷ್ಟ್ರು: ಕೇಸಿಗೆ ಸಿಕ್ಕಿಹಾಕಿಕೊಳ್ತೇವೆ ಅನ್ನೋ ಭಯವನ್ನೂ ಬಿಡಿಸಬೇಕು. ‘ಮುಟ್ಟಬೇಡ, ಪೊಲೀಸ್ ಕೇಸಾಗುತ್ತೆ’ ಅಂತ ಹೇಳಿ ಬೆಳೆಸಿದವರು ನಾವೇ. ನೆರವಿಗೆ ಬಂದವರನ್ನು ರಕ್ಷಿಸಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು. ಈಗ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲೂ ಅದಿದೆ. ಹೆಸರು ಹೇಳಬೇಕು ಅಂತಲೂ ಬಲವಂತ ಮಾಡುವ ಹಾಗಿಲ್ಲ. ಇದನ್ನು ಜಾಥಾದಲ್ಲಿ ಕೂಗಿದರೆ ತಪ್ಪಾ?

ವಿದ್ಯಾರ್ಥಿನಿ: ಇದನ್ನು ಕೂಗಲಿ ಸಾರ್. ಇದನ್ನು ಕೂಗೋದಕ್ಕೆ ನಾನೂ ಬರ್ತೀನಿ.

ಮೇಷ್ಟ್ರು: ಬಾ. ನಿನ್ನ ಅಳತೆಯ ಪಟ್ಟಿಗೆ ನನ್ನ ಸಹಿಯೂ ಇರಲಿ. ಆದರೆ ಅದನ್ನು ಓದುವವರು ಯಾರು?

ಮೋಟಾರು ವಾಹನ ಕಾಯ್ದೆಯ 215ನೇ ಕಲಮು ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿ ರಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಜಿಲ್ಲಾಧಿಕಾರಿಗಳ ನೇತೃತ್ವದ ಈ ಸಮಿತಿಯ ಮುಂದೆಯೇ ಬ್ಲ್ಯಾಕ್ ಸ್ಪಾಟುಗಳ ಪಟ್ಟಿ ಬರುತ್ತದೆ; ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಅಲ್ಲೇ ಉತ್ತರ ಹೇಳಬೇಕು. ವಿದ್ಯಾರ್ಥಿನಿಯ ಬೇಡಿಕೆ, ಅಲ್ಲಿ ಕಾಲೇಜು ವಿದ್ಯಾರ್ಥಿಗಳ ಪ್ರತಿನಿಧಿಗಳು ಕೂರಬೇಕು, ಅವರು ತಂದ ಪ್ರತಿ ದೂರಿಗೆ ಲಿಖಿತ ಉತ್ತರ ಸಿಗಬೇಕು ಎಂಬುದು. ಮೊದಲು ಊರಿನಲ್ಲಿ ಒಂದು ವರ್ಷ ಕೆಲಸ ಮಾಡಿ ತೋರಿಸಿದವರೇ ಹೋಗಲಿ, ಹೆಲ್ಮೆಟ್ ಹಾಕದವರು ಹೋಗುವುದು ಬೇಡ ಎಂಬುದು ಮೇಷ್ಟ್ರ ಷರತ್ತು. ಅರ್ಹತೆ ತೋರಿಸಿದ ಮೇಲೆ ದನಿ ಕೊಡುತ್ತೇವೆ ಎಂಬ ಮಾತು ಯುವಜನರಿಗೆ ಮಾತ್ರ ಏಕೆ, ಇಲಾಖೆಗಳಿಗೇಕಿಲ್ಲ ಎಂದು ಆಕೆ ಕೇಳುತ್ತಾಳೆ. ಅವರು ಷರತ್ತನ್ನು ಸಡಿಲಿಸುವುದಿಲ್ಲ, ಆಕೆ ಬೇಡಿಕೆಯನ್ನು ಬಿಡುವುದಿಲ್ಲ.

ಕಾಯ್ದೆಯ ಮಾತು ಮಾತ್ರ ಸ್ಪಷ್ಟವಾಗಿದೆ. ಅಧ್ಯಕ್ಷರ ಜೊತೆಗೆ ಸರ್ಕಾರ ಅಗತ್ಯವೆಂದು ಕಂಡ ಇತರರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಬಹುದು. ಯುವಜನರು ಇರಲೇಬೇಕು ಎಂದು ಅದು ಹೇಳುವುದಿಲ್ಲ, ಇರಬಾರದು ಎಂದೂ ಹೇಳುವುದಿಲ್ಲ. ಹೆಬ್ಬೂರಿನಿಂದ ತುಮಕೂರಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುವ ಇಪ್ಪತ್ತು ವರ್ಷದವರೊಬ್ಬರನ್ನು ಆ ಸಭೆಗೆ ಕರೆಯಲು ಕಾನೂನು ತಿದ್ದಬೇಕಾಗಿಲ್ಲ. ಸರ್ಕಾರದ ಒಂದು ಆದೇಶ ಸಾಕು.